ಅಡಿಕೆ ಹಾಕದ ಸುಬ್ಬಮ್ಮನಿಗೆ ಸೊಕ್ಕಿದ್ದು

ಬಾಯಿ ತುಂಬ ಹೀರಿದ ಚಾವನ್ನು ಸುಬ್ಬಮ್ಮ ಅಷ್ಟನ್ನೂ ರೇಣುಕಪ್ಪನವರ ಬಿಳಿ ಪಂಚೆಯ ಮೇಲೆ ಬಿಟ್ಟಳು.

ಉಗಿದದ್ದಲ್ಲ. ಸುಬ್ಬಮ್ಮ ಉಗಿಯುವ ಪೈಕಿಯವಳಲ್ಲ. ತುಟಿ ಮುಚ್ಚಿಕೊಳ್ಳಬೇಕಾದ ಹೊತ್ತಿಗೆ ಮುಚ್ಚಿಕೊಳ್ಳಲಿಲ್ಲ, ಅಷ್ಟೆ. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಗಂಡ ಜಟ್ಟಪ್ಪನ ಮೀನಿನಂಗಡಿಯಲ್ಲಿ, ಮೀನು ಕೊಯ್ಯುವ ಮೆಟ್ಟುಗತ್ತಿಯ ಮುಂದೆ ಕೂತಿದ್ದವಳು, ಖಾಲಿ ಲೋಟ ಹಿಡಿದು ಬೆಪ್ಪಾಗಿ ನೋಡುತ್ತಿದ್ದಳು. ರೇಣುಕಪ್ಪನವರು ಪಕ್ಕದ ಅಡಿಕೆ ಮಂಡಿಯವರು. ಮೀನು ಮುಟ್ಟುವವರಲ್ಲ, ದಿನಾ ಮೂಗಿಗೆ ಟವೆಲ್ ಹಿಡಿದು ಆ ಅಂಗಡಿ ದಾಟುವವರು. ಅವತ್ತು ಮೂಗು ಉಳಿಯಿತು, ಪಂಚೆ ಹೋಯಿತು.

"ಎಂತ ಮಾರಾಯ್ತಿ! ಹಿಂಗೆ ಅಭಿಷೇಕ ಮಾಡಕ್ಕೆ ನಾನೇನು ಕಲ್ಲು ದೇವ್ರಾ?"

ಮೀನಿಗೆಂದು ನಿಂತಿದ್ದ ನಾವೆಲ್ಲ ನಕ್ಕೆವು. ಸುಬ್ಬಮ್ಮ ಏನೋ ಹೇಳಲು ಹೋದಳು, ನಾಲಗೆ ತೊದಲಿತು. ನಾವು ಇನ್ನಷ್ಟು ನಕ್ಕೆವು. ರೇಣುಕಪ್ಪನವರು ಮಾತ್ರ ಪಂಚೆ ಮರೆತು ಬಗ್ಗಿ ಅವಳ ಮುಖ ನೋಡಿದರು.

"ನಗಬೇಡಿ ಮಾರಾಯ್ರೆ. ಇದು ಅಡಿಕೆ ಸೊಕ್ಕಿದ್ದು."

ಅಡಿಕೆ ಸೊಕ್ಕುವುದು ನಮ್ಮ ಕಡೆ ಹಾದಿಬೀದಿಯ ಕಾಯಿಲೆ. ರಾಶಿಯಲ್ಲಿ ಎಲ್ಲೋ ಒಂದು ಅಡಿಕೆ ಹಾಗಿರುತ್ತದೆ. ಬಾಯಿಗೆ ಹಾಕಿದರೆ ಗಂಟಲು ಬಿಗಿದು, ಬೆವರು ಕಿತ್ತು, ತಲೆ ತಿರುಗಿ, ಮಾತು ತೊದಲುತ್ತದೆ. ಉಪ್ಪಿನ ಹರಳು ಚೀಪಿಸಿ, ಮಜ್ಜಿಗೆ ಕುಡಿಸಿ, ಸ್ವಲ್ಪ ಹೊತ್ತು ಮಲಗಿಸಿದರೆ ಇಳಿಯುತ್ತದೆ. ಅಡಿಕೆಯ ವಿಷಯದಲ್ಲಿ ರೇಣುಕಪ್ಪನವರ ಮಾತೆಂದರೆ ಸುಪ್ರೀಂ ಕೋರ್ಟು, ಅದರ ಮೇಲೆ ಅಪೀಲಿಲ್ಲ.

ತೊಡಕು ಒಂದೇ. ಸುಬ್ಬಮ್ಮ ಅಡಿಕೆ ಹಾಕುವುದಿಲ್ಲ. ಅಡಿಕೆಯ ಊರಿಗೆ ಬಂದು ಇಷ್ಟು ವರ್ಷವಾದರೂ ಅವಳಿಗೆ ಎರಡು ಮಾತ್ರ ಅಂಟಿರಲಿಲ್ಲ: ಅಡಿಕೆ ಮತ್ತು ಸೊಕ್ಕು. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ, ಅವಳ ನಾಲಗೆಯೇ ಕೈಕೊಟ್ಟಿತ್ತು. ಅಲ್ಲ, ಅಲ್ಲ ಎಂದು ತಲೆಯಾಡಿಸಿದಳು.

"ನೋಡಿ, ತಲೆ ತಿರುಗ್ತಿದೆ," ಅಂದರು ರೇಣುಕಪ್ಪ, ಮತ್ತು ಮೊದಲ ಬಾರಿಗೆ ಟವೆಲ್ ಇಲ್ಲದ ಮೂಗಿನಲ್ಲಿ ಮೀನಿನಂಗಡಿಯ ಒಳಗೇ ಬಂದು ಅವಳ ಬಾಯಿಗೆ ಉಪ್ಪು ಹಾಕಿದರು. ಉಪ್ಪು ನೀರಾಗಿ ತುಟಿಯ ತುದಿಯಿಂದ ಇಳಿಯಿತು. ಮಜ್ಜಿಗೆಯೂ ಹಾಗೆಯೇ ಇಳಿಯಿತು. ಬೆಂಚಿನ ಮೇಲೆ ಗೋಣಿ ಹಾಸಿ ಮಲಗಿಸಿದೆವು. "ಒಂದು ಗಳಿಗೆ ಪಾಚಿಕೊಳ್ಳಲಿ ಬಿಡಿ, ಸರಿ ಹೋಗ್ತದೆ," ಅಂದರು ಯಾರೋ. ಮಲಗು ಎನ್ನಲು ಮಕ್ಕಳಿಗೆ ಹೇಳುವ ಆ ಪಾಚಿ ಎಂಬ ಮಾತು ನನಗೆ ಆಮೇಲೆ ಎಷ್ಟೋ ದಿನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಯಾಕೆಂದು ಹೇಳುತ್ತೇನೆ.

ಸುಬ್ಬಮ್ಮ ಘಾಟಿಯ ಕೆಳಗಿನವಳು, ಹೊಳೆ ಕಡಲಿಗೆ ಸೇರುವ ಒಂದು ಊರಿನವಳು. ಸಣ್ಣವಳಿದ್ದಾಗ, ನೀರಿಳಿದ ಹೊತ್ತಿನಲ್ಲಿ ಅಮ್ಮನ ಜೊತೆ ಕೆಸರಿಗಿಳಿದು, ಕಾಲ್ಬೆರಳಲ್ಲೇ ತಡವಿ ಮಳಿ ಹೆಕ್ಕುತ್ತಿದ್ದಳಂತೆ. ಕೆಳಗಿನವರ ಮಳಿ ಎಂದರೆ ನಮ್ಮ ಕಪ್ಪೆಚಿಪ್ಪು. ಜಟ್ಟಪ್ಪನೂ ಅದೇ ಕಡೆಯವನು. ಮದುವೆಯಾಗಿ ಇಬ್ಬರೂ ಮೇಲೆ ಬಂದು ಕೊಪ್ಪದಲ್ಲಿ ಅಂಗಡಿ ಹಾಕಿದರು. ಜಟ್ಟಪ್ಪನ ಕೆಲಸ ಕೂಗುವುದು, ಸುಬ್ಬಮ್ಮನ ಕೆಲಸ ಕೊಯ್ಯುವುದು. "ಬಂಗ್ಡೇ... ಈಗ ಬಂದದ್ದು! ಈಗ ಬಂದದ್ದು!" ಎಂದು ಅವನು ಬಸ್ ಸ್ಟ್ಯಾಂಡಿನವರೆಗೆ ಕೇಳುವಂತೆ ಕೂಗಿದರೆ, ನಾವು ಗಿರಾಕಿಗಳು ಅವನ ಬಾಯಿ ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದೆವು. ಮೀನು ತಾಜಾ ಇದ್ದರೆ ಸುಬ್ಬಮ್ಮ "ಕೊಯ್ಲಾ?" ಎನ್ನುತ್ತಿದ್ದಳು. ಹಳೆಯದಾದರೆ ಏನೂ ಎನ್ನುತ್ತಿರಲಿಲ್ಲ. ಗಂಡನ ಕೂಗನ್ನು ಅವಳು ಎಂದೂ ಬಾಯಿಬಿಟ್ಟು ಸುಳ್ಳು ಮಾಡಿದವಳಲ್ಲ. ಆದರೆ ಅವಳು ಸುಮ್ಮನಿದ್ದಾಳೆಂದರೆ ನಾವು ಚೀಲ ಮಡಚಿ ತರಕಾರಿ ಅಂಗಡಿಗೆ ಹೋಗುತ್ತಿದ್ದೆವು.

ಇಂಥವಳಿಗೆ ಕೊಪ್ಪದಲ್ಲಿ ಇದ್ದ ಒಂದೇ ಕೊರತೆ ಚಿಪ್ಪು. ನಮ್ಮವರು ಅದನ್ನು ಕೊಳ್ಳುವುದಿಲ್ಲ. "ದುಡ್ಡು ಕೊಟ್ಟು ಕೈಗೆ ಚಿಪ್ಪು ಇಸ್ಕೊಳ್ಳೋದಾ?" ಎಂದು ನಗುತ್ತಾರೆ. ಹಾಗಾಗಿ ಮೀನಿನ ಗಾಡಿಯಲ್ಲಿ ಅದು ಬರುತ್ತಲೇ ಇರಲಿಲ್ಲ. ಅವತ್ತು ಬೆಳಿಗ್ಗೆ ಬಂದಿತ್ತು. ಗಾಡಿಯ ಚಂದ್ರಶೇಖರ ಒಂದು ಬುಟ್ಟಿ ಇಳಿಸಿ, "ಸುಬ್ಬಕ್ಕ, ಕೆಳಗೆ ಯಾಕೋ ಯಾರೂ ತಗೊಳ್ಳಲಿಲ್ಲ, ಸುಮ್ಮನೆ ಬಿದ್ದಿತ್ತು, ನಿನ್ನ ನೆನಪಾಯ್ತು," ಅಂದಿದ್ದ. ಯಾರೂ ಯಾಕೆ ತಗೊಳ್ಳಲಿಲ್ಲ ಎಂದು ಅವನೂ ಕೇಳಿರಲಿಲ್ಲ, ಅವಳೂ ಕೇಳಲಿಲ್ಲ. ಅಂಗಡಿಯ ಹಿಂದಿನ ಸೀಮೆಎಣ್ಣೆ ಸ್ಟವ್ ಮೇಲೆ ಬೇಯಿಸಿ, ಕಾಯಿತುರಿ ಹಾಕಿ, ಒಬ್ಬಳೇ ಕೂತು ತಿಂದಳು. ಆ ಖುಷಿಗೆ ಪಾಲುದಾರರು ಇರಲಿಲ್ಲ. ಜಟ್ಟಪ್ಪ ಹಿರೇಕೊಡಿಗೆಯ ಯಾರದೋ ಮನೆಯ ಊಟಕ್ಕೆ ಮೀನು ಕೊಡಲು ಮೊಪೆಡ್ ಏರಿ ಹೋಗಿದ್ದ.

ಅವನು ವಾಪಸು ಬಂದಾಗ ಅವಳು ಬೆಂಚಿನ ಮೇಲಿದ್ದಳು. ರೇಣುಕಪ್ಪನವರು ಸಮಾಧಾನವಾಗಿ, "ಹೆದರಬೇಡ ಜಟ್ಟಪ್ಪ, ಸೊಕ್ಕಿದೆ, ಇಳೀತದೆ," ಅಂದರು.

"ಎಂತ ಸೊಕ್ಕಿದ್ದು?"

"ಅಡಿಕೆ ಮಾರಾಯ."

"ಅವಳು ಅಡಿಕೆ ಹಾಕೂದಿಲ್ಲ ಸ್ವಾಮಿ!" ಜಟ್ಟಪ್ಪ ಕೂಗಿದ. ಮೀನು ಮಾರುವ ಕೂಗಲ್ಲ ಅದು. "ಜನ್ಮದಲ್ಲಿ ಹಾಕಿದವಳಲ್ಲ!"

ಎಲ್ಲರೂ ತಿರುಗಿ ಅವಳ ಹಲ್ಲು ನೋಡಿದೆವು. ಬೆಳ್ಳಗಿದ್ದವು. ಅವಳ ಕೈ ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಬಿತ್ತು. ಕಣ್ಣು ಮಾತ್ರ ಗಂಡನ ಮುಖದ ಮೇಲೆ ನಿಂತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಹಾವೇನಾದರೂ ಕಡಿಯಿತೇ ಎಂದು ಕಾಲು ಪರೀಕ್ಷಿಸಿದರು. ಆಮೇಲೆ ಏನು ತಿಂದಳು ಎಂದು ಕೇಳಿದರು. ಸ್ಟವ್ ಪಕ್ಕದಲ್ಲಿ ಖಾಲಿ ಚಿಪ್ಪಿನ ರಾಶಿ ನೋಡಿದ್ದ ಜಟ್ಟಪ್ಪ ಚಿಪ್ಪು ಎಂದಾಗ ಅವರ ಮುಖ ಬದಲಾಯಿತು. ವಿಷಯ ತಿಳಿದು ಗಾಡಿ ಸಮೇತ ಓಡಿ ಬಂದಿದ್ದ ಚಂದ್ರಶೇಖರ, ಆಸ್ಪತ್ರೆಯ ಫೋನಿನಿಂದ ಕೆಳಗೆ ದೋಣಿ ನಿಲ್ಲುವ ದಕ್ಕೆಗೆ ಮಾತಾಡಿ ಬಂದವನು ಗೋಡೆ ಹಿಡಿದು ನಿಂತ.

"ಅಲ್ಲಿ ಕೆಂಪು ನೀರು ಬಂದಿದೆಯಂತೆ ಸಾರ್. ನಾಕು ದಿನದಿಂದ ಯಾರೂ ಚಿಪ್ಪು ಮುಟ್ಟುತ್ತಿಲ್ಲವಂತೆ."

ಸುದ್ದಿ ಘಾಟಿ ಹತ್ತಿರಲಿಲ್ಲ. ಚಿಪ್ಪು ಹತ್ತಿತ್ತು.

"ಸಮುದ್ರದಲ್ಲಿ ಕಣ್ಣಿಗೆ ಕಾಣದಂಥ ಪಾಚಿ ಇರ್ತದೆ," ಅಂದರು ಡಾಕ್ಟರು. "ಒಮ್ಮೊಮ್ಮೆ ಸಿಕ್ಕಾಪಟ್ಟೆ ಬೆಳೆದು ನೀರಿನ ಬಣ್ಣವೇ ಬದಲಾಗ್ತದೆ. ಎಲ್ಲಾ ಪಾಚಿಯೂ ವಿಷ ಅಲ್ಲ, ಕೆಲವು ಮಾತ್ರ. ಚಿಪ್ಪು ಅದೇ ನೀರು ಸೋಸಿ ತಿಂತದೆ. ಅದಕ್ಕೆ ಏನೂ ಆಗಲ್ಲ, ತಿಂದವರಿಗೆ ಆಗ್ತದೆ. ನರ ಕೆಲಸ ನಿಲ್ಲಿಸ್ತವೆ. ಮೊದಲು ತುಟಿ, ನಾಲಗೆ. ಆಮೇಲೆ ಕೈಕಾಲು. ಆಮೇಲೆ ಉಸಿರು."

"ಚೆನ್ನಾಗಿ ಬೇಯಿಸಿದ್ದಳು ಸಾರ್," ಅಂದ ಜಟ್ಟಪ್ಪ, ಬೇಡಿಕೊಳ್ಳುವ ಹಾಗೆ.

"ಬೇಯಿಸಿದರೂ ಹೋಗಲ್ಲ."

"ಔಷಧಿ?"

"ಇದಕ್ಕೆ ಔಷಧಿ ಇಲ್ಲ. ಉಸಿರು ನಿಲ್ಲದ ಹಾಗೆ ನೋಡ್ಕೊಂಡರೆ ದೇಹವೇ ವಿಷ ಹೊರಗೆ ಹಾಕ್ತದೆ. ಉಸಿರಾಡಿಸೋ ಮೆಷಿನ್ ಇರೋದು ಘಾಟಿ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ. ಈಗಲೇ ಹೊರಡಿ."

ಆಂಬುಲೆನ್ಸ್ ಆಗಲೇ ಬೇರೊಬ್ಬರನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿತ್ತು. ಉಳಿದದ್ದು ಚಂದ್ರಶೇಖರನ ಮೀನಿನ ಗಾಡಿ. ಐಸಿನ ಪೆಟ್ಟಿಗೆಗಳನ್ನು ರಸ್ತೆಗೆ ಎಸೆದು, ಟರ್ಪಾಲಿನ ಅಡಿಯಲ್ಲಿ ಆಸ್ಪತ್ರೆಯ ಹಾಸಿಗೆ ಹಾಸಿ ಅವಳನ್ನು ಮಲಗಿಸಿದೆವು. ವಿಷವನ್ನು ಮೇಲೆ ತಂದ ಗಾಡಿಯೇ ಅವಳನ್ನು ಕೆಳಗೆ ಒಯ್ಯಬೇಕಾಯಿತು. ಜೊತೆಗೆ ನರ್ಸ್ ಕಾವ್ಯ, ಕಮ್ಮರಡಿಯ ಹುಡುಗಿ. ಕಾನ್ವೆಂಟಿನಲ್ಲಿ ಓದಿದ ನನಗೆ ಸಿಸ್ಟರ್ ಎಂದರೆ ಬೆತ್ತ ಹಿಡಿದವರು. ಉಸಿರು ಹಿಡಿದ ಸಿಸ್ಟರನ್ನು ನೋಡಿದ್ದು ಅವತ್ತೇ. ಡ್ರಿಪ್ಪಿನ ಬಾಟಲಿ ಎತ್ತಿ ಹಿಡಿಯಲು ಒಬ್ಬರು ಬೇಕಿತ್ತು, ನಾನು ಹತ್ತಿದೆ.

ಆಗುಂಬೆ ಇನ್ನೂ ದೂರವಿರುವಾಗಲೇ ಸುಬ್ಬಮ್ಮನ ಎದೆ ಏಳುವುದು ನಿಂತಿತು. ಕಾವ್ಯ ಅವಳ ಮೂಗು ಬಾಯಿಗೆ ರಬ್ಬರಿನ ಮುಖವಾಡ ಒತ್ತಿ ಹಿಡಿದು, ಅದಕ್ಕೆ ಸೇರಿದ ಗಾಳಿಯ ಚೀಲವನ್ನು ಹಿಚುಕತೊಡಗಿದಳು. ಹಿಚುಕಿದರೆ ಎದೆ ಏಳುತ್ತಿತ್ತು. ಬಿಟ್ಟರೆ ಇಳಿದು ಅಲ್ಲೇ ಉಳಿಯುತ್ತಿತ್ತು. ಗಾಡಿಯ ಕುಲುಕಾಟಕ್ಕೆ ಮುಖವಾಡ ಜಾರುತ್ತಿತ್ತು. ಎರಡೂ ಕೈ ಅದಕ್ಕೇ ಬೇಕು.

"ಜಟ್ಟಪ್ಪಣ್ಣ, ಚೀಲ ನೀವು ಒತ್ತಿ."

ಜಟ್ಟಪ್ಪ ಒತ್ತಿದ. ಬೆಂಕಿ ಊದುವವನ ಹಾಗೆ ಗಡಬಡಿಸಿ ಒತ್ತಿದ.

"ಅಷ್ಟು ಬೇಗ ಬೇಡ! ಗಾಳಿ ಹೊಟ್ಟೆಗೆ ಹೋಗ್ತದೆ. ನಿಧಾನ, ಒಂದೇ ಸಮ."

ಅವನಿಂದ ಆಗಲಿಲ್ಲ. ಸುಬ್ಬಮ್ಮನ ಕಣ್ಣು ಈಗ ಮುಚ್ಚಿತ್ತು. ರೆಪ್ಪೆ ಎತ್ತುವ ಶಕ್ತಿ ಹೋಗಿದೆಯೋ, ಅವಳೇ ಹೋಗಿದ್ದಾಳೋ ತಿಳಿಯುವಂತಿರಲಿಲ್ಲ. "ಹೋದಳಾ? ಹೋದಳಾ ಸಿಸ್ಟರ್?" ಎಂದು ಅವನು ಕೇಳುತ್ತಲೇ ಇದ್ದ.

"ಇದ್ದಾರೆ. ನಾಡಿ ಸಿಗ್ತಿದೆ. ಮಾತು ಕೇಳಿಸ್ತಿರಬಹುದು, ಅಳಬೇಡಿ. ಅಣ್ಣ, ಅಂಗಡೀಲಿ ಕೂಗ್ತೀರಲ್ಲ ಬಂಗಡೆ ಅಂತ? ಅದನ್ನೇ ಕೂಗಿ. ಒಂದು ಕೂಗಿಗೆ ಒಂದು ಸಲ ಒತ್ತಿ, ಕೂಗು ಮುಗಿಯೋವರೆಗೆ ಬಿಡಿ."

ಜಟ್ಟಪ್ಪ ಅವಳ ಮುಖ ನೋಡಿದ. ಚೀಲವನ್ನು ಸರಿಯಾಗಿ ಹಿಡಿದುಕೊಂಡ.

"ಬಂಗ್ಡೇ... ಈಗ ಬಂದದ್ದು."

ಎದೆ ಎದ್ದು ಇಳಿಯಿತು.

"ಬಂಗ್ಡೇ... ಈಗ ಬಂದದ್ದು."

ಹೀಗೆ ಆಗುಂಬೆ ದಾಟಿದೆವು, ಘಾಟಿ ಇಳಿಯತೊಡಗಿದೆವು. ಒಂದು ತಿರುವಿನಲ್ಲಿ ಲಾರಿ ಅಡ್ಡ ನಿಂತು ಎರಡೂ ಕಡೆ ಗಾಡಿಗಳು ಸಾಲಾಗಿದ್ದವು. ಚಂದ್ರಶೇಖರ ಹಾರನ್ ಒತ್ತಿ ಒತ್ತಿ ಕೊನೆಗೆ ಇಳಿದು ಓಡಿದ, ಸಿಕ್ಕಸಿಕ್ಕವರ ಕೈಕಾಲು ಹಿಡಿಯುತ್ತಿದ್ದ. ಒಳಗೆ ಕೂಗು ನಿಲ್ಲುವಂತಿರಲಿಲ್ಲ. ಜಟ್ಟಪ್ಪನ ಬೆರಳು ಮರಗಟ್ಟಿದ್ದವು, ನಾನು ಕೊಡಿ ಎಂದರೂ ಚೀಲ ಬಿಡಲಿಲ್ಲ. ಕಣ್ಣೀರು ಗಡ್ಡದಿಂದ ಹಾಸಿಗೆಗೆ ತೊಟ್ಟಿಕ್ಕುತ್ತಿತ್ತು, ಸ್ವರ ಒಡೆದು ಬಡಕಲಾಗಿತ್ತು. ಪಕ್ಕದಲ್ಲಿ ನಿಂತ ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ಟರ್ಪಾಲಿನತ್ತ ಬಗ್ಗಿ ಕೇಳಿದಳು:

"ಬಂಗಡೆ ಹೇಗೆ ಕೊಟ್ರಿ?"

"ಈಗ ಬಂದದ್ದು," ಅಂದ ಜಟ್ಟಪ್ಪ, ಒತ್ತಿದ. ನನಗೆ ನಗು ಬಂತು, ಅದು ಬಾಯಿಗೆ ಬರುವಷ್ಟರಲ್ಲಿ ಅಳುವಾಗಿತ್ತು. ಬಾಟಲಿ ಕೈಯಲ್ಲಿ ಅಲುಗಿತು. "ಅಕ್ಕ, ಎತ್ತಿ ಹಿಡೀರಿ!" ಎಂದು ಕಾವ್ಯ ಗದರಿದಳು.

ಲಾರಿ ಸರಿಯಿತು. ನಾವು ತಲುಪಿದೆವು. ಆಸ್ಪತ್ರೆಯವರು ಬಂದು ಸುಬ್ಬಮ್ಮನನ್ನು ಮೆಷಿನ್ನಿಗೆ ಸೇರಿಸಿದ ಮೇಲೂ ಜಟ್ಟಪ್ಪ ಹೊರಗಿನ ಬೆಂಚಿನಲ್ಲಿ ಕೂತು ಬರಿಗೈ ಹಿಚುಕುತ್ತ ತುಟಿಯಲ್ಲೇ ಕೂಗುತ್ತಿದ್ದ. ನಿಲ್ಲಿಸಿದರೆ ಒಳಗೆ ಅವಳೂ ನಿಲ್ಲುತ್ತಾಳೆಂದು ಅವನಿಗೆ ಅನಿಸಿರಬೇಕು. ನಿಲ್ಲಿಸು ಎನ್ನುವ ಧೈರ್ಯ ನಮಗೂ ಬರಲಿಲ್ಲ. ಮಾರನೆಯ ದಿನ ಅವಳ ಒಂದು ಬೆರಳು ಅಲುಗಿತು. ಆಮೇಲೆ ರೆಪ್ಪೆ. ಆಮೇಲೆ ಸ್ವಂತ ಉಸಿರು.

ದೀಪಾವಳಿ ಕಳೆದ ಮೇಲೆ ಸುಬ್ಬಮ್ಮ ಮತ್ತೆ ಮೆಟ್ಟುಗತ್ತಿಯ ಮುಂದೆ ಕೂತಳು. ಮೊದಲಿಗಿಂತ ತೆಳ್ಳಗಾಗಿದ್ದಳು, ಮಾತು ಮೊದಲಿನಷ್ಟೇ ಕಡಿಮೆ. ರೇಣುಕಪ್ಪನವರು ಆ ದಾರಿಯಲ್ಲಿ ಟವೆಲ್ ಹಿಡಿಯುವುದನ್ನು ಬಿಟ್ಟಿದ್ದರು. ಅಡಿಕೆಯ ವಿಷಯದಲ್ಲೂ ತೀರ್ಪು ಕೊಡುವ ಮೊದಲು ಒಂದು ಸಲ ಕೆಮ್ಮುತ್ತಿದ್ದರು. ಜಟ್ಟಪ್ಪ ಐಸು ತರಲು ಹೋದ ಹೊತ್ತು ನೋಡಿ, ನನ್ನನ್ನು ಅಷ್ಟು ದಿನ ಕೊರೆದ ಪ್ರಶ್ನೆಯನ್ನು ಕೇಳಿಯೇ ಬಿಟ್ಟೆ.

"ಸುಬ್ಬಮ್ಮ, ಘಾಟಿ ಇಳಿಯುವಾಗ ನಿನಗೆ ಎಚ್ಚರ ಇತ್ತಂತಲ್ಲ. ಅವನು ಅಷ್ಟು ದೂರ ಅಳ್ತಾ ಕೂಗಿದ್ದು ಕೇಳಿಸ್ತಿತ್ತಾ?"

"ಹೌದು ಅಕ್ಕ. ಎಲ್ಲಾ ಕೇಳಿಸ್ತಿತ್ತು."

"ಆಗ ಮನಸ್ಸಿಗೆ ಏನನ್ನಿಸ್ತು?"

ಅವಳು ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ವರ ತಗ್ಗಿಸಿದಳು.

"ಆ ಬಂಗಡೆ ಮೊನ್ನೆದು, ಅಕ್ಕ."