ತುಕ್ಕಾನಟ್ಟಿಯಲ್ಲಿ ಎತ್ತಿದ ಚೀಟಿ

ಗೋಕಾಕದಿಂದ ಹೊರಟ ನಮ್ಮ ಬಸ್ಸು ತುಕ್ಕಾನಟ್ಟಿಯಲ್ಲಿ ಕೆಟ್ಟು ನಿಂತಿತು. ಚಾವಡಿಯ ಮುಂದೆ ಜನ ಸೇರಿದ್ದರು. ಪಂಚಾಯ್ತಿ ಚುನಾವಣೆಯಲ್ಲಿ ಊರ ಗೌಡರಿಗೂ ಅವರ ಹೊಲದಲ್ಲಿ ದುಡಿಯುವ ಯಲ್ಲಪ್ಪನಿಗೂ ಸರಿಸಮ ಓಟು ಬಿದ್ದು, ಚೀಟಿ ಎತ್ತುವುದೆಂದು ಠರಾಯಿಸಿದ್ದರು. ಪರಸ್ಥಳದ ಸಾಲಿ ಮಾಸ್ತರನೆಂದು ಆ ಕೆಲಸ ನನ್ನ ಪಾಲಿಗೆ ಬಂತು. ಒಂದು ಚೀಟಿ ಎತ್ತಿದೆ. ಯಲ್ಲಪ್ಪನ ಹೆಸರು!

ಗೌಡರ ಕಡೆಯ ಕೆಲವರು ಬಡಿಗೆ ಹಿಡಿದು ಎದ್ದರು.

"ಚೀಟಿ ಎತ್ತಿ ಆರಿಸೂದು ಎಲ್ಲಿ ನ್ಯಾಯರಿ, ಮಾಸ್ತರ?" ಎಂದು ಗೌಡರು ಕೇಳಿದರು.

ನಾನು ಸಾಲಿಯಲ್ಲಿ ಇತಿಹಾಸ ಕಲಿಸುವವನು. ನೆನಪಾದದ್ದನ್ನೇ ಹೇಳಿದೆ: "ಎರಡು ಸಾವಿರ ವರ್ಷಕ್ಕಿಂತ ಹಿಂದ ಗ್ರೀಸ್ ದೇಶದ ಅಥೆನ್ಸಿನಾಗ ಅಧಿಕಾರಿಗಳನ್ನ ಹಿಂಗ ಆರಿಸ್ತಿದ್ರು, ಗೌಡ್ರ. ಅಧಿಕಾರ ದೊಡ್ಡ ಮನಿತನಗಳ ಕೈಯಾಗ ಉಳೀಬಾರದು ಅಂತ."

ಗೌಡರು ತಮ್ಮವರಿಗೆ ಕೂಡಲು ಕೈಸನ್ನೆ ಮಾಡಿ, ಯಲ್ಲಪ್ಪನನ್ನು ಕರೆದು ಬಾಜೂಕ ಕೂರಿಸಿಕೊಂಡರು. ನನ್ನ ಎದೆ ಹಗುರಾಯಿತು.

ಕಂಬದ ಹತ್ತಿರ ನಿಂತಿದ್ದ ಯಲ್ಲಪ್ಪನ ತಾಯಿ ಕೇಳಿದಳು: "ಆ ಊರಾಗ ಹೆಂಗಸರೂ ಓಟ ಹಾಕ್ತಿದ್ರೇನ್ರಿ?"

"ಇಲ್ಲವ್ವ."

"ಅಯ್ಯ, ಹಂಗಾರ ಅವ್ರು ಇನ್ನೂ ಕಲಿಯೂದು ಭಾಳ ಇತ್ತು ಬಿಡ್ರಿ."

ಮೊದಲು ನಕ್ಕವರು ಗೌಡರೇ.