ಹೊಲಿಗೆ ಕಾಣದ ಕೌದಿ

ಆ ದಿನ ನಿಮ್ಮ ಪ್ರೊಜೆಕ್ಟರ್ ಸರಿಯಾಗಿತ್ತು, ಖಾಜಾ ಮಾಮು. ನಿಮ್ಮ ಕಣ್ಣೂ ಸರಿಯಾಗಿದ್ದವು. ಚಿತ್ರಗಳನ್ನು ಕೆಡಿಸಿದವನು ನಾನು — ಮೂರು ವರ್ಷದಿಂದ ಇದನ್ನು ಹೇಳದೆ, ಬಸವಕಲ್ಯಾಣದ ತುಂಬ ಕಂಡವರ ನಂಬಿಕೆಗಳಿಗೆಲ್ಲ ಪುರಾವೆ ಕೇಳುತ್ತ ತಿರುಗುತ್ತಿದ್ದೇನೆ.

ಹುಮನಾಬಾದಿನ ಆ ವಿಚಾರ ಮಂಡನೆ ಸ್ಪರ್ಧೆಗೆಂದು ನನ್ನ ಜೊತೆಗಾರ್ತಿ ಶ್ರೀದೇವಿ ಮುಡಬಿಯ ಅಜ್ಜಿಯರ ಕೌದಿಗಳ ಫೋಟೊ ತೆಗೆದು ಸ್ಲೈಡು ಮಾಡಿದ್ದಳು. ಒಬ್ಬೊಬ್ಬ ಅಜ್ಜಿಯ ಹೊಲಿಗೆಯೂ ಅವಳ ಸಹಿ ಇದ್ದಂತೆ — ಇದು ಶ್ರೀದೇವಿಯ ವಾದ. ಆದರೆ ಫೈಲು ನಾನೂರು ಎಂಬಿ. ಸಂಘಟಕರು ಒಪ್ಪುವುದು ಹತ್ತು. "ಫೋಟೊದ ಅಂಚು ಕತ್ತರಿಸಿದ್ರ ಹಗುರಾಗ್ತದ" ಎಂದು ಅವಳೊಡನೆ ಅರ್ಧ ಗಂಟೆ ವಾದಿಸಿ ಗೆದ್ದೆ. ಕತ್ತರಿಸಿದೆ. ಒಂದು ಎಂಬಿಯೂ ಇಳಿಯಲಿಲ್ಲ. ಕತ್ತರಿಸಿದ ತುಂಡುಗಳು ಫೈಲಿನೊಳಗೇ ಅಡಗಿರುತ್ತವೆ, ಬೇರೆಯಾಗಿ ಅಳಿಸಬೇಕು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು — ನನ್ನ ಬಾಯಿಗೆ ಬಾರದ ಮಾತು. ಅವಳಿಗೆ ಹೇಳದೆ ಎಲ್ಲ ಚಿತ್ರಗಳನ್ನೂ ತೀರ ಕಡಿಮೆ ಗುಣಮಟ್ಟಕ್ಕೆ ಕುಗ್ಗಿಸಿ ಕಳಿಸಿಬಿಟ್ಟೆ. ಆರು ಎಂಬಿ! ಮೊಬೈಲಿನಲ್ಲಿ ಚೆನ್ನಾಗಿಯೇ ಕಂಡಿತು.

ನಿಮ್ಮ ದೊಡ್ಡ ಪರದೆಯ ಮೇಲೆ —

"ಇದು ಕೌದಿನೋ, ಬಿರ್ಯಾನಿನೋ?" ತೀರ್ಪುಗಾರರು ಕೇಳಿದರು. ಸಭೆ ನಕ್ಕಿತು. ಶ್ರೀದೇವಿ ನನ್ನ ಕಡೆ ತಿರುಗಿದಳು. ನಾನು ಎದ್ದು, ಪ್ರೊಜೆಕ್ಟರ್ ನಡೆಸುತ್ತಿದ್ದ ನಿಮ್ಮ ಕಡೆ ಬೆರಳು ತೋರಿಸಿದೆ.

ನೀವು ಮೆಲ್ಲಗೆ ಅಂದಿರಿ: "ಅಕ್ಷರ ಸಾಫ್ ಕಾಣಾಕತ್ತಾವಲ್ಲ ಬೇಟಾ. ಫೋಟೊದಾಗ ಏನೋ ಗಡಬಡ ಅದ."

ಎಂಥ ತರ್ಕ! ಆದರೂ —

"ಮಾಮು, ನಿಮಗ ಚಾಳೀಸ ಬಂದದ. ದೊಡ್ಡ ಅಕ್ಷರ ಕಂಡಾವಂತ ಸಣ್ಣ ಹೊಲಿಗಿ ಕಾಣ್ತಾವೇನು?"

ಚಪ್ಪಾಳೆ ಬಿತ್ತು. ಚಾಳೀಸು ಹತ್ತಿರದ ನೋಟಕ್ಕೆ, ಪರದೆ ಇದ್ದದ್ದು ದೂರ — ಒಬ್ಬರೂ ಕೇಳಲಿಲ್ಲ. ಶ್ರೀದೇವಿಗೆ ಏನೂ ಸಿಗಲಿಲ್ಲ. ನನಗೆ 'ಉತ್ತಮ ವಾಗ್ಮಿ' ಫಲಕ.

ಮೊನ್ನೆ ಅದೇ ಸಭಾಂಗಣಕ್ಕೆ ಬಂದಿದ್ದೆ. ಪ್ರೊಜೆಕ್ಟರ್ ಬಳಿ ಬೇರೆ ಯಾರೋ. ನೀವು ಕುರ್ಚಿ ಜೋಡಿಸುತ್ತಿದ್ದಿರಿ. "ನಜರ್ ಕಮ್ಮಿ ಆಗ್ಯದಂತ ಮಶೀನ್ ಕೊಡವಲ್ರು. ನೀವೇ ಹೇಳಿದ್ರಲ್ರಿ, ವಕೀಲ್ ಸಾಬ್!" ಎಂದು ನಕ್ಕಿರಿ. ಆಮೇಲೆ, ಆಚೆ ಗೋಡೆಯ ಗಡಿಯಾರ ಓದಿ, ಬಸವಕಲ್ಯಾಣದ ಬಸ್ಸಿಗೆ ಆರೇ ನಿಮಿಷವಿದೆ ಎಂದು ನನ್ನನ್ನು ಓಡಿಸಿದವರೂ ನೀವೇ.

ಮೂಲ ಫೋಟೊಗಳು ಶ್ರೀದೇವಿಯ ಕ್ಯಾಮೆರಾ ಕಾರ್ಡಿನಲ್ಲಿ ಇನ್ನೂ ಇವೆ. ಅವನ್ನು ತಂದು, ಸಂಘಟಕರ ಎದುರು, ನಿಮ್ಮ ಕೈಯಿಂದಲೇ ಪರದೆಗೆ ಹಾಕಿಸಬೇಕು. ಕಾರ್ಡು ಕೇಳಿದರೆ ಅವಳು "ಯಾಕ?" ಅನ್ನುತ್ತಾಳೆ. ನಾಳೆ ಅವಳ ಮನೆಗೆ ಹೋಗುತ್ತೇನೆ. ಈ ಸಲ ಯಾವ ವಾದವನ್ನೂ ಸಿದ್ಧಮಾಡಿಕೊಂಡಿಲ್ಲ.