ಜಾಡಿನ ಕೊನೆಯ ಸಾಲು

ಜಪಾನಿನ ಮಾತ್ಸುಎ ಊರಿನ ನಮ್ಮ ಆಫೀಸಿನಲ್ಲಿ ಪ್ರೋಗ್ರಾಂ ಕೈಕೊಟ್ಟಾಗಲೆಲ್ಲ ಕ್ಷಮೆ ಕೇಳಲು ಹೋಗುತ್ತಿದ್ದವಳು ಕದೊವಾಕಿ ಶಿಜುಎ. ಪಕ್ಕದ ಮೇಜಿನಲ್ಲಿ ಕೂತು ವರ್ಷಗಟ್ಟಲೆ ನೋಡಿದವಳು ನಾನು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಬಂದರಿನ ಏಡಿ ಹರಾಜು ನಡೆಯುವುದು ನಮ್ಮ ಪ್ರೋಗ್ರಾಂನಿಂದ. ಮೇಲ್ಭಾಗ ಶಿಜುಎ ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ತೂಕದ ಯಂತ್ರದೊಡನೆ ವ್ಯವಹರಿಸುವ ಒಳಭಾಗ ಮಾತ್ರ ನಮ್ಮ ಮುಖ್ಯಸ್ಥ ನಾಗಮಿ ಸಾನ್ ಪ್ರಾಯದಲ್ಲಿ ಸಿ ಭಾಷೆಯಲ್ಲಿ ಬರೆದ ಮಾಡ್ಯೂಲ್. ಪ್ರೋಗ್ರಾಂ ಕುಸಿದಾಗ, ಯಾವುದು ಯಾವುದನ್ನು ಕರೆಯಿತೆಂಬ ಜಾಡು ಪರದೆಯ ಮೇಲೆ ಮೂಡುತ್ತದೆ. ಶಿಜುಎಯ ಭಾಗ ಮುಗಿಯುವವರೆಗೆ ಹೆಸರು, ಸಾಲು ಎಲ್ಲ ಸ್ಪಷ್ಟ. ಮಾಡ್ಯೂಲಿನೊಳಗೆ ಕಾಲಿಟ್ಟೊಡನೆ ಬರೀ ಅಂಕಿಗಳ ಗೋಜಲು. ಓದಲು ಸಿಗುವ ಕೊನೆಯ ಸಾಲು ಯಾರದೋ, ಅವರೇ ಸಿಹಿ ಡಬ್ಬಿ ಹಿಡಿದು ಹೋಗಿ ಬಾಗಿ ಕ್ಷಮೆ ಕೇಳಬೇಕೆಂಬುದು ನಮ್ಮಲ್ಲಿ ರೂಢಿ.

"ಬಂದ್ರಾ, ಮಿಠಾಯಿ ಕದೊವಾಕಿ ಸಾನ್! ಏಡಿ ಇನ್ನೂ ಒದ್ದಾಡ್ತಾ ಇದಾವೆ, ನಿಮ್ ಪ್ರೋಗ್ರಾಮೇ ಸತ್ತೋಯ್ತು ನೋಡ್ರೀ" ಎಂದು ಹರಾಜು ಕೂಗುವ ಅದಾಚಿ ಎಲ್ಲರೆದುರು ಕಿಚಾಯಿಸುತ್ತಿದ್ದ.

"ತಪ್ಪು ನಂದಲ್ಲ ಅನ್ನಬಾರ್ದಾ?" ಎಂದು ನಾನು ಶಿಜುಎಯ ಮೇಲೆ ರೇಗುತ್ತಿದ್ದೆ.

"ಏನ್ ತೋರ್ಸಿ ಅನ್ಲಿ? ಆ ಅಂಕಿಗಳನ್ನಾ? ಒಂದ್ಸಲ ಡಬ್ಬಿ ಇಲ್ದೆ ಆ ಮಾರ್ಕೆಟ್ಟಿಗೆ ಹೋಗಿ ಬರ್ಬೇಕು ಕಣೆ. ಅಷ್ಟು ಸಾಕು ನಂಗೆ."

ಏಡಿ ಹಿಡಿಯುವ ಕಾಲ ಮುಗಿದ ಮೇಲೆ ಅವಳು ಕೆಲಸಕ್ಕೆ ಕೂತಳು. ಯಾರೂ ಹೇಳಿರಲಿಲ್ಲ. ಮಾಡ್ಯೂಲ್ ಹಗುರಾಗಲೆಂದು ಹಿಂದೆ ಕೆರೆದು ಹಾಕಿದ್ದ ಹೆಸರುಗಳನ್ನೆಲ್ಲ ಉಳಿಸಿಕೊಂಡು ಅದನ್ನು ಮತ್ತೆ ಕಟ್ಟಿದಳು. ಕುಸಿದಾಗ ಪ್ರತಿ ಅಂಕಿಯೂ ಹೆಸರಾಗಿ, ಸಾಲಾಗಿ ಬದಲಾಗಿ, ಎರಡು ಭಾಗದ ಜಾಡೂ ಒಂದೇ ಜಾಡಾಗಿ ಬರುವಂತೆ ಮಾಡಿದಳು. ಕುತ್ತಿಗೆಗೆ ನೋವಿನ ಪಟ್ಟಿ ಅಂಟಿಸಿಕೊಂಡೇ ಬೇಸಿಗೆ ಕಳೆಯಿತು. ನೋಡಿ ನೋಡಿ ನನಗೇ ಸುಸ್ತಾಗಿತ್ತು.

ಮುಂದಿನ ಏಡಿ ಕಾಲದ ಮೊದಲ ಹರಾಜಿನಲ್ಲೇ ಪ್ರೋಗ್ರಾಂ ನಿಂತಿತು. ಈ ಸಲ ಜಾಡನ್ನು ತಳದವರೆಗೂ ಓದಬಹುದಿತ್ತು. ಕೊನೆಯ ಸಾಲು ನಾಗಮಿ ಸಾನ್ ಅವರದು: ಯಂತ್ರದಿಂದ ಖಾಲಿ ಉತ್ತರ ಬಂದರೆ ಏನು ಮಾಡಬೇಕೆಂದು ಅವರು ಬರೆದೇ ಇರಲಿಲ್ಲ. ಶಿಜುಎ ಅಚ್ಚು ಹಾಕಿ ಕೊಟ್ಟಳು. ಓದುತ್ತ ಅವರ ಕಿವಿ ಕೆಂಪಾಯಿತು.

"ನಾನೂ ಬರ್ತೀನಿ" ಎಂದರು. ಡಬ್ಬಿ ಅವರೇ ಕೊಂಡರು. ಕಾರು ಓಡಿಸಿದ್ದು ನಾನು.

ಮಾರುಕಟ್ಟೆಯಲ್ಲಿ ಅದಾಚಿ ನಮ್ಮತ್ತ ತಿರುಗಿದ. ನಾಗಮಿ ಸಾನ್ ಬಾಯಿ ತೆರೆಯುವಷ್ಟರಲ್ಲಿ ಶಿಜುಎಯ ಸೊಂಟ ಬಾಗಿಯೇ ಬಿಟ್ಟಿತ್ತು.

"ನಮ್ಮಿಂದ ತುಂಬಾ ತೊಂದ್ರೆ ಆಯ್ತು. ಕ್ಷಮಿಸ್ಬೇಕು."

ವರ್ಷಗಳ ಅಭ್ಯಾಸ. ಜಾಡನ್ನು ಅಚ್ಚು ಹಾಕಿದ್ದ ಕಾಗದವು ಚೀಲದಲ್ಲೇ ಉಳಿಯಿತು. ನಾಗಮಿ ಸಾನ್ ತೆರೆದ ಬಾಯಿ ಮುಚ್ಚಿಕೊಂಡು, ಕೈಕೆಳಗಿನವರ ತಪ್ಪಿಗೆ ಮುಖ್ಯಸ್ಥರು ಬಾಗುವಂತೆ ಅವಳ ಹಿಂದೆ ಬಾಗಿದರು. ಆ ಡಬ್ಬಿಯನ್ನು ಅವರ ತಲೆಗೇ ಕುಕ್ಕಬೇಕೆನಿಸಿತು ನನಗೆ.

ಮರುದಿನವೇ ಅವರು ತಮ್ಮ ಸಾಲನ್ನು ಸರಿಪಡಿಸಿದರು. ಆಮೇಲೆ ಹರಾಜು ಒಮ್ಮೆಯೂ ನಿಲ್ಲಲಿಲ್ಲ.

ಚಳಿಗಾಲದ ಕೊನೆಗೆ ಹೊಸ ತೂಕದ ಯಂತ್ರ ಜೋಡಿಸಲು ನಾವಿಬ್ಬರೂ ಅಲ್ಲಿಗೆ ಹೋದೆವು. ಡಬ್ಬಿ ಇರಲಿಲ್ಲ. ಅದಾಚಿ ದೂರದಿಂದಲೇ ಕೂಗಿದ: "ಅಂತೂ ಕೆಲ್ಸ ಕಲಿತ್ಬಿಟ್ರಲ್ಲ ಕದೊವಾಕಿ ಸಾನ್! ಇಷ್ಟು ವರ್ಷ ಬೇಕಾಯ್ತೇನ್ರೀ?"

ಮಾರುಕಟ್ಟೆಯೇ ನಕ್ಕಿತು. ಶಿಜುಎ ತನ್ನ ಖಾಲಿ ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಬಾಗಿದಳು.

"ತಡ ಆಯ್ತು" ಎಂದಳು. "ಕ್ಷಮಿಸಿ."